ದೂರ ನಿಲ್ಲುವುದು ವ್ರತವಲ್ಲ

ನಮ್ಮ ಸಮಾಜದ ಮನೆಗಳಲ್ಲಿ ಬಹುಕಾಲದಿಂದ ಒಂದು ಮಾತು ಚಲಾವಣೆಯಲ್ಲಿದೆ: "ರಾಜಕೀಯ ನಮ್ಮಂಥವರಿಗಲ್ಲ." ಹಿರಿಯರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕಿರಿಯರು ವಿಧೇಯತೆಯಿಂದ ಕೇಳುತ್ತಾರೆ. ಅಂಗಡಿ, ಅಡತಿ, ಹೊಲ, ಶಾಲೆ, ಬಸದಿ ಇವಿಷ್ಟೇ ಗೃಹಸ್ಥನ ಕಾರ್ಯಕ್ಷೇತ್ರವೆಂದೂ, ಪಕ್ಷ, ಬಾವುಟ, ಪ್ರಚಾರ, ಟಿಕೆಟ್ಟು ಮುಂತಾದವು ಕೈ ಕೊಳೆ ಮಾಡಿಕೊಳ್ಳಲು ಹೇಸದವರ ವ್ಯವಹಾರವೆಂದೂ ನಾವು ನಂಬಿಕೊಂಡು ಬಂದಿದ್ದೇವೆ. ಅಷ್ಟೇ ಆಗಿದ್ದರೆ ಅದನ್ನು ಒಂದು ರುಚಿಭೇದವೆಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಅಭ್ಯಾಸಕ್ಕೆ ಧರ್ಮದ ಬಣ್ಣವನ್ನೂ ಬಳಿದಿದ್ದೇವೆ. ದೂರ ನಿಲ್ಲುವುದೇ ಒಂದು ವ್ರತವೆಂಬಂತೆ ಮಾತನಾಡುತ್ತೇವೆ. ಆ ಬಣ್ಣವನ್ನು ಕೆರೆದು ಅಡಿಯಲ್ಲಿ ಏನಿದೆಯೆಂದು ನೋಡುವ ಕಾಲ ಬಂದಿದೆ.

ಮೊದಲು ವಸ್ತುಸ್ಥಿತಿಯನ್ನು ಗಮನಿಸೋಣ. ನಾವು ನಿಜವಾಗಿಯೂ ರಾಜಕೀಯದಿಂದ ದೂರವಿದ್ದೇವೆಯೇ? ಚುನಾವಣೆ ಘೋಷಣೆಯಾದ ವಾರದಲ್ಲಿ ಯಾವುದೇ ಊರಿನ ಪೇಟೆಬೀದಿಯಲ್ಲಿ ನಿಂತವರಿಗೆ ಉತ್ತರ ತಾನಾಗಿ ಸಿಗುತ್ತದೆ. ಒಂದು ಪಕ್ಷದವರು ಬೆಳಿಗ್ಗೆ ಬರುತ್ತಾರೆ, ಇನ್ನೊಂದು ಪಕ್ಷದವರು ಮಧ್ಯಾಹ್ನ ಬರುತ್ತಾರೆ, ಮೂರನೆಯವರು ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಗಲ್ಲಾಪೆಟ್ಟಿಗೆಯಿಂದ ಮೂವರಿಗೂ ಹಣ ಸಲ್ಲುತ್ತದೆ. ಒಬ್ಬರಿಂದಲೂ ರಸೀದಿ ಬರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದು ಬೇರೆ ಯಾವುದೋ ಬಾಬಿನಲ್ಲಿ ಸೇರಿಹೋಗುತ್ತದೆ. ಯಾರು ಗೆದ್ದರೂ ನಮ್ಮ ಕೆಲಸ ನಿಲ್ಲಬಾರದು, ಯಾರು ಸೋತರೂ ನಮ್ಮ ಮೇಲೆ ಸಿಟ್ಟಾಗಬಾರದು ಎಂಬುದಷ್ಟೇ ಅಲ್ಲಿನ ನೀತಿ. ಆ ಹಣ ಎಲ್ಲಿಗೆ ಹೋಯಿತು, ಯಾವ ಕೇರಿಯಲ್ಲಿ ಯಾವ ಬಾಟಲಿಯಾಗಿ ಹಂಚಿಹೋಯಿತು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹಣ ಕೊಟ್ಟವರು ಸಂಜೆ ಕೈ ತೊಳೆದುಕೊಂಡು ಬಸದಿಗೆ ಹೋಗುತ್ತಾರೆ. ದಾರಿಯಲ್ಲಿ ಸಿಕ್ಕವರೊಡನೆ "ರಾಜಕೀಯ ಬಹಳ ಕೆಟ್ಟುಹೋಯಿತು" ಎಂದು ನಿಟ್ಟುಸಿರು ಬಿಡುತ್ತಾರೆ.

ನಮ್ಮ ಆಚಾರ್ಯರು ಪಾಪವನ್ನು ಲೆಕ್ಕ ಹಾಕುವಾಗ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಎಂದು ಮೂರು ಬಾಗಿಲುಗಳನ್ನು ತೋರಿಸಿದ್ದಾರೆ. ಕೃತ, ಕಾರಿತ, ಅನುಮೋದಿತ ಎಂಬ ಈ ಮೂರು ಪದಗಳನ್ನು ಪಾಠಶಾಲೆಯ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಮತಕ್ಕೆ ಹಣ ಹಂಚುವವನು ಮಾಡಿದವನು. ಆ ಹಣವನ್ನು ಒದಗಿಸಿದವನು ಮಾಡಿಸಿದವನು. ಎಲ್ಲವನ್ನೂ ಬಲ್ಲವನಾಗಿ ಸುಮ್ಮನಿದ್ದು ಫಲದಲ್ಲಿ ಪಾಲು ಬಯಸುವವನು ಒಪ್ಪಿದವನು. ಹೀಗಿರುವಾಗ ಮೊದಲ ಬಾಗಿಲನ್ನು ಮಾತ್ರ ಮುಚ್ಚಿ, ಉಳಿದ ಎರಡನ್ನು ಹಗಲಿರುಳೂ ತೆರೆದಿಟ್ಟುಕೊಂಡು, ನಮ್ಮ ಮನೆ ಶುಚಿಯಾಗಿದೆಯೆಂದು ಹೇಳಿಕೊಳ್ಳುವುದು ಯಾವ ನ್ಯಾಯ?

ಆಕ್ಷೇಪಗಳ ವಿಚಾರ

ನಮ್ಮವರು ಎತ್ತುವ ಆಕ್ಷೇಪಗಳು ಮುಖ್ಯವಾಗಿ ಮೂರು. ಅವುಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮೊದಲನೆಯದು, ರಾಜಕಥೆ ಮತ್ತು ರಾಷ್ಟ್ರಕಥೆಗಳನ್ನು ಶಾಸ್ತ್ರಗಳು ವಿಕಥೆಗಳಲ್ಲಿ ಎಣಿಸಿವೆ, ಆದ್ದರಿಂದ ರಾಜಕೀಯವೇ ತ್ಯಾಜ್ಯ ಎಂಬುದು. ಆದರೆ ವಿಕಥೆಯನ್ನು ಅಲ್ಲಿ ಪ್ರಮಾದದ ಭೇದವಾಗಿ ಹೇಳಿದೆ ಎಂಬುದನ್ನು ಈ ವಾದ ಮರೆಯುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ. ಅಂಗಡಿಯ ಕಟ್ಟೆಯ ಮೇಲೆ ಕುಳಿತು ಯಾರು ಯಾವ ಪಕ್ಷಕ್ಕೆ ಹಾರಿದರು, ಯಾರ ಮನೆಯಲ್ಲಿ ಎಷ್ಟು ಗಂಟಿದೆ, ಮುಂದಿನ ಮಂತ್ರಿ ಯಾರು ಎಂದು ಎರಡು ಗಂಟೆ ಹರಟುವುದು ನಿಸ್ಸಂದೇಹವಾಗಿ ವಿಕಥೆ. ಇಂತಹ ಹರಟೆಗೆ ನಮ್ಮ ಸಮಾಜದಲ್ಲಿ ಎಂದೂ ಕೊರತೆಯಿಲ್ಲ! ಇದೇ ವ್ಯಕ್ತಿ ಎದ್ದುಹೋಗಿ ವಾರ್ಡ್ ಸಭೆಯಲ್ಲಿ ಚರಂಡಿಯ ಲೆಕ್ಕ ಕೇಳಿದರೆ ಅದು ವಿಕಥೆಯಾಗುವುದಿಲ್ಲ, ಎಚ್ಚರದ ಕೆಲಸವಾಗುತ್ತದೆ. ಶಾಸ್ತ್ರ ನಿಷೇಧಿಸಿದ ಹರಟೆಯನ್ನು ಇಟ್ಟುಕೊಂಡು, ನಿಷೇಧಿಸದ ಕರ್ತವ್ಯವನ್ನು ಬಿಟ್ಟವರು ನಾವು.

ಎರಡನೆಯದು, ರಾಜಕೀಯದಲ್ಲಿ ಸುಳ್ಳು, ದ್ವೇಷ, ಹಿಂಸೆಗಳು ಅನಿವಾರ್ಯ ಎಂಬುದು. ವ್ಯಾಪಾರದಲ್ಲಿ ಇವು ಇಲ್ಲವೇ? ತೂಕದಲ್ಲಿ ಮೋಸ, ಸರಕಿನಲ್ಲಿ ಬೆರಕೆ, ಸುಳ್ಳು ದಸ್ತಾವೇಜು ಇವೆಲ್ಲ ವ್ಯಾಪಾರಿಯನ್ನು ದಿನವೂ ಕರೆಯುತ್ತವೆಯೆಂದೇ ಆಚಾರ್ಯರು ಅಣುವ್ರತಗಳ ಅತಿಚಾರಗಳಲ್ಲಿ ಅವುಗಳನ್ನು ಹೆಸರಿಟ್ಟು ಎಣಿಸಿದರು. ಅಂಗಡಿ ಮುಚ್ಚಿರಿ ಎಂದು ಅವರು ಗೃಹಸ್ಥನಿಗೆ ಹೇಳಲಿಲ್ಲ. ತಕ್ಕಡಿ ಸರಿಯಾಗಿ ಹಿಡಿಯಿರಿ ಎಂದರು. ಲೋಕದ ನಡುವೆ ಬದುಕುವವನಿಗಾಗಿಯೇ ಅಣುವ್ರತಗಳು ರೂಪುಗೊಂಡವು. ಲೋಕವನ್ನು ಬಿಟ್ಟವರಿಗೆ ಮಹಾವ್ರತಗಳಿವೆ. ಪೇಟೆಯಲ್ಲಿ ಪ್ರಾಮಾಣಿಕನಾಗಿರಬಲ್ಲವನು ಪಕ್ಷದ ಕಚೇರಿಯಲ್ಲಿ ಪ್ರಾಮಾಣಿಕನಾಗಿರಲಾರ ಎನ್ನುವುದು ಅವನ ವ್ರತದ ಬಲದ ಮೇಲೆ ನಮಗಿರುವ ಅಪನಂಬಿಕೆಯನ್ನು ತೋರಿಸುತ್ತದೆ. "ಪಕ್ಷದ ಸಭೆಗಳು ರಾತ್ರಿ ನಡೆಯುತ್ತವೆ, ಅಲ್ಲಿ ಬಾಡೂಟ, ಮದ್ಯ ಇರುತ್ತವೆ" ಎಂಬ ಮಾತೂ ಕೇಳಿಬರುತ್ತದೆ. ಎಷ್ಟೋ ಊರುಗಳಲ್ಲಿ ಅದು ನಿಜ. ಆದರೆ ರಾತ್ರಿಭೋಜನವನ್ನು ತ್ಯಜಿಸಿದವನು ಗಿರಾಕಿಯ ಮಗಳ ಆರತಕ್ಷತೆಗೆ ಹೋಗಿ, ಉಡುಗೊರೆ ಕೊಟ್ಟು, ಒಂದು ತುತ್ತೂ ಮುಟ್ಟದೆ ನಗುಮುಖದಿಂದ ಹಿಂದಿರುಗುತ್ತಾನಲ್ಲವೇ? ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಅಸಾಧ್ಯ?

ಮೂರನೆಯದು ಹೆಚ್ಚು ಸೂಕ್ಷ್ಮವಾದ ಆಕ್ಷೇಪ. ಅನೇಕಾಂತವನ್ನು ಒಪ್ಪಿದವನು ಒಂದು ಪಕ್ಷದ ಸದಸ್ಯನಾಗುವುದು ಹೇಗೆ? 'ಪಕ್ಷ'ವೆಂಬ ಹೆಸರೇ ಒಂದು ಬದಿಯೆಂದು ಹೇಳುತ್ತದೆಯಲ್ಲ! ಇದಕ್ಕೆ ನಯವಾದದಲ್ಲೇ ಉತ್ತರವಿದೆ. ನಯವೆಂದರೆ ವಸ್ತುವನ್ನು ಒಂದು ದೃಷ್ಟಿಯಿಂದ ನೋಡುವುದು; ವ್ಯವಹಾರ ನಡೆಯಬೇಕಾದರೆ ಯಾವುದಾದರೊಂದು ನಯವನ್ನು ಹಿಡಿಯಲೇಬೇಕು. ತನ್ನ ದೃಷ್ಟಿಯೊಂದೇ ಸತ್ಯ, ಉಳಿದವೆಲ್ಲ ಸುಳ್ಳು ಎಂದು ಸಾಧಿಸಿದಾಗ ಅದು ದುರ್ನಯವಾಗುತ್ತದೆ. ಒಂದು ಪಕ್ಷವನ್ನು ನಯವೆಂದು ಅರಿತು ಸೇರಿದವನು, ಎದುರು ಪಕ್ಷದವನ ಮಾತಿನಲ್ಲಿಯೂ ಸತ್ಯದ ಅಂಶವಿರಬಹುದೆಂದು ಒಪ್ಪಿ ಕೆಲಸ ಮಾಡುತ್ತಾನೆ. ಇಂದು ಊರಿಂದೂರಿಗೆ ಪಕ್ಷಗಳಲ್ಲಿ ಕಾಣೆಯಾಗಿರುವುದು ಇಂತಹ ಮನುಷ್ಯನೇ. ಅವನು ಅಲ್ಲಿರಬೇಕಾದ ಕಾರಣವೂ ಅದೇ.

ಇನ್ನು ಪರಂಪರೆಯ ಮಾತು. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನನ್ನು, ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು, ಒಂದನೆಯ ನರಸಿಂಹನ ಭಂಡಾರಿ ಹುಳ್ಳನನ್ನು ನಮ್ಮ ಯಾವ ವೇದಿಕೆಯಲ್ಲಿ ಸ್ಮರಿಸುವುದಿಲ್ಲ? ಹತ್ತನೆಯ ಶತಮಾನದಲ್ಲಿ 'ನೀತಿವಾಕ್ಯಾಮೃತ'ವೆಂಬ ರಾಜನೀತಿಯ ಗ್ರಂಥವನ್ನು ಬರೆದ ಸೋಮದೇವಸೂರಿ ಮುನಿಗಳೇ ಆಗಿದ್ದರು. ರಾಜ್ಯದ ಆಡಳಿತ ಹೇಗೆ ನಡೆಯಬೇಕೆಂದು ಯೋಚಿಸುವುದು ಅವರ ಸಂಯಮಕ್ಕೆ ಅಡ್ಡಿಯೆನಿಸಲಿಲ್ಲ. ಚಾವುಂಡರಾಯನ ಹೆಸರಿನಲ್ಲಿ ಭಾಷಣ ಮಾಡುವ ನಾವು, ನಮ್ಮ ಮಗ ಬೂತ್ ಸಮಿತಿಯಲ್ಲಿ ಕುಳಿತನೆಂದರೆ ನೆಂಟರ ಮುಂದೆ ನಾಚಿಕೊಳ್ಳುತ್ತೇವೆ!

ಬಾಗಿಲು ಎಲ್ಲಿದೆ?

ಭಾಗವಹಿಸುವುದೆಂದರೆ ಚುನಾವಣೆಗೆ ನಿಲ್ಲುವುದೇ ಎಂದು ಭಾವಿಸಿ ಹಿಂಜರಿಯುವವರು ಬಹಳ. ಹಾಗೇನೂ ಇಲ್ಲ. ಸಾಮಾನ್ಯ ಗೃಹಸ್ಥನು ಏರಬಹುದಾದ ಮೆಟ್ಟಿಲುಗಳು ಹಲವು. ಮೊದಲ ಮೆಟ್ಟಿಲು ಅಂಗಳದಲ್ಲೇ ಇದೆ.

ಒಂದು, ಮತದಾರರ ಪಟ್ಟಿ. ವಿವಾಹವಾಗಿ ಬೇರೆ ಊರಿಗೆ ಹೋದ ಮಗಳ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ತೀರಿಹೋದ ಅಜ್ಜನ ಹೆಸರು ಹತ್ತು ವರ್ಷವಾದರೂ ಇರುತ್ತದೆ. ಹದಿನೆಂಟು ತುಂಬಿದ ಮೊಮ್ಮಗನ ಹೆಸರು ಸೇರಿರುವುದಿಲ್ಲ. ಸುಳ್ಳು ಮತಕ್ಕೆ ಆಹಾರ ಇಂತಹ ಹೆಸರುಗಳೇ. ಹೊಸ ಹೆಸರಿಗೆ 6ನೇ ನಮೂನೆ, ಹೆಸರು ತೆಗೆಯಲು 7ನೇ ನಮೂನೆ, ತಿದ್ದುಪಡಿಗೂ ಸ್ಥಳಾಂತರಕ್ಕೂ 8ನೇ ನಮೂನೆ ಇವೆ. ಮೊದಲು ಜನವರಿ 1ನ್ನು ಮಾತ್ರ ಅರ್ಹತಾ ದಿನವೆಂದು ಗಣಿಸುತ್ತಿದ್ದರು. 2021ರ ಕಾಯಿದೆ ತಿದ್ದುಪಡಿಯ ನಂತರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳನ್ನು ಹಾಗೆ ನಿಗದಿಪಡಿಸಲಾಗಿದೆ. ಒಂದು ಬೀದಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಿ ಸರಿನೋಡುವುದು ನಿವೃತ್ತ ಶಿಕ್ಷಕರೊಬ್ಬರು ಒಂದೆರಡು ವಾರದಲ್ಲಿ ಮುಗಿಸಬಹುದಾದ ಕೆಲಸ. ಮಾನ್ಯತೆ ಪಡೆದ ಪಕ್ಷಗಳು ಪಟ್ಟಿಯ ಪ್ರತಿಯೊಂದು ಭಾಗಕ್ಕೂ ಬೂತ್ ಮಟ್ಟದ ಏಜೆಂಟರನ್ನು ನೇಮಿಸಲು ಅವಕಾಶವಿದೆ. ಎಷ್ಟೋ ಕಡೆ ಆ ಸ್ಥಾನಕ್ಕೆ ಆಸಕ್ತರು ಸಿಗದೆ ಕಾಗದದ ಮೇಲಿನ ಹೆಸರುಗಳೇ ತುಂಬಿರುತ್ತವೆ.

ಎರಡು, ಗ್ರಾಮಸಭೆ ಮತ್ತು ವಾರ್ಡ್ ಸಭೆ. 73 ಮತ್ತು 74ನೇ ಸಂವಿಧಾನ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆಯೂ ಬಂತು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನು ಹೇಳುತ್ತದೆ. ಮನೆ ಯಾರಿಗೆ, ರಸ್ತೆ ಎಲ್ಲಿಗೆ, ನೀರು ಯಾವ ಓಣಿಗೆ ಎಂಬ ಪ್ರಶ್ನೆಗಳು ಅಲ್ಲಿ ಚರ್ಚೆಯಾಗಬೇಕು. ಜನ ಬಾರದಿದ್ದರೆ ಹಾಜರಿ ಪುಸ್ತಕ ಮನೆಮನೆಗೆ ಸುತ್ತಿ ಸಹಿ ಪಡೆದು ಹಿಂದಿರುಗುತ್ತದೆ. ನಡೆಯದ ಸಭೆ ನಡೆದಂತಾಗುತ್ತದೆ. ಸಭೆಗೆ ಹೋಗದೆ ಆ ಪುಸ್ತಕಕ್ಕೆ ಸಹಿ ಹಾಕುವ ಶ್ರಾವಕನು ಕೂಟಲೇಖಕ್ರಿಯೆಯೆಂಬ ಅತಿಚಾರವನ್ನು ತನ್ನ ಕೈಯಾರೆ ಮಾಡಿದಂತಾಗುತ್ತದೆ ಎಂಬುದು ಅವನಿಗೆ ತಿಳಿದಿರಲಿ. ಪಂಚಾಯಿತಿಯ ವರ್ಷದ ಲೆಕ್ಕವನ್ನು ಜನರ ಮುಂದೆ ಬಿಚ್ಚಿಡುವ ಜಮಾಬಂದಿಯೂ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ನಮ್ಮ ದಶಲಕ್ಷಣ ಪರ್ವದ ಆಸುಪಾಸಿನಲ್ಲೇ, ನಡೆಯುತ್ತದೆ. ತಲೆಮಾರುಗಳಿಂದ ಲೆಕ್ಕ ಬರೆದ ಸಮಾಜ ನಮ್ಮದು. ಜಮೆ-ಖರ್ಚಿನ ಪುಟವನ್ನು ಒಂದು ನೋಟಕ್ಕೆ ಓದಬಲ್ಲವರು ಆ ದಿನ ಅಲ್ಲಿರದಿದ್ದರೆ ಮತ್ತಾರು ಇರಬೇಕು?

ಮೂರು, ಪಕ್ಷದ ಸದಸ್ಯತ್ವ. ಯಾವ ಪಕ್ಷವೆಂಬುದು ಅವರವರ ವಿವೇಕಕ್ಕೆ ಬಿಟ್ಟದ್ದು. ಅದನ್ನು ಹೇಳುವುದು ಈ ಪತ್ರಿಕೆಯ ಕೆಲಸವಲ್ಲ. ಪಕ್ಷಗಳು ನೋಂದಣಿಯಾಗಬೇಕಾದರೆ ತಮ್ಮ ನಿಯಮಾವಳಿಯನ್ನು ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. ಅದನ್ನು ತರಿಸಿ ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಬೂತ್ ಸಮಿತಿಯಿಂದ ರಾಜ್ಯ ಸಮಿತಿಯವರೆಗೆ ಪದಾಧಿಕಾರಿಗಳನ್ನು ಆರಿಸುವ ಕ್ರಮ ಅದರಲ್ಲಿ ಬರೆದಿರುತ್ತದೆ. ವಾಸ್ತವದಲ್ಲಿ ಮೇಲಿನವರು ಕೆಳಗಿನವರನ್ನು ಸೂಚಿಸುವ ಪರಿಪಾಠವೇ ಬೆಳೆದಿದೆ. ಹೀಗಾಗಲು ಮುಖ್ಯ ಕಾರಣ, ಕೆಳಗಿನ ಸಮಿತಿಯಲ್ಲಿ ಕೇಳುವವರಿಲ್ಲದಿರುವುದು. ಒಂದು ಗ್ರಾಮದ ಘಟಕದಲ್ಲಿ ನಿಯಮಾವಳಿಯನ್ನು ಓದಿಕೊಂಡು ಬಂದ ಐದು ಮಂದಿ ಸತತವಾಗಿ ಎರಡು ವರ್ಷ ಸಭೆಗೆ ಬಂದರೆ ಅವರ ಮಾತನ್ನು ತಾಲೂಕಿನವರು ಕೇಳಲೇಬೇಕಾಗುತ್ತದೆ. ಪಕ್ಷ ಸೇರಿದರೆ ನಾಲಗೆ ಕಟ್ಟಿಹಾಕಿಕೊಂಡಂತೆ ಎಂಬ ಭಯವೂ ಬೇಡ. ನಮ್ಮ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳಿಗೂ 1987ರ ಪಕ್ಷಾಂತರ ನಿಷೇಧ ಕಾಯಿದೆಯಿದೆ. ಅದರ ಬಂಧನ ಆರಿಸಿಬಂದ ಸದಸ್ಯರಿಗೇ ಹೊರತು ಸಾಮಾನ್ಯ ಕಾರ್ಯಕರ್ತನಿಗಲ್ಲ. ಸರ್ಕಾರಿ ನೌಕರರು ಮಾತ್ರ ನಡತೆ ನಿಯಮಗಳ ಕಾರಣದಿಂದ ಪಕ್ಷದ ಸದಸ್ಯರಾಗುವಂತಿಲ್ಲ. ಅವರಿಗೂ ತಮ್ಮ ಮನೆಯ ಹೆಸರುಗಳನ್ನು ಮತದಾರರ ಪಟ್ಟಿಯಲ್ಲಿ ಸರಿಪಡಿಸಿಕೊಳ್ಳುವ ಹಾಗೂ ಗ್ರಾಮಸಭೆಯಲ್ಲಿ ಮತದಾರರಾಗಿ ಕುಳಿತುಕೊಳ್ಳುವ ದಾರಿ ತೆರೆದೇ ಇದೆ.

ನಾಲ್ಕು, ಮತಗಟ್ಟೆಯ ಕೆಲಸ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಅಭ್ಯರ್ಥಿಯ ಪರವಾಗಿ ಮತಗಟ್ಟೆಯೊಳಗೆ ಕುಳಿತುಕೊಳ್ಳುವ ಏಜೆಂಟನು ಬೆಳಗಿನ ಅಣಕು ಮತದಾನವನ್ನು ಕಣ್ಣಾರೆ ನೋಡುತ್ತಾನೆ. ಬಂದವರು ನಿಜವಾದ ಮತದಾರರೇ ಎಂದು ಗಮನಿಸುತ್ತಾನೆ. ಸಂಜೆ, ಚಲಾವಣೆಯಾದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿಯನ್ನು ಪಡೆಯುತ್ತಾನೆ. ಎಣಿಕೆಯ ದಿನ ಆ ಒಂದು ಹಾಳೆಯೇ ಸಾಕ್ಷಿ. ತಾಳ್ಮೆ, ಅಕ್ಷರಜ್ಞಾನ, ಪ್ರಾಮಾಣಿಕತೆ ಇವು ಮೂರಿದ್ದರೆ ಸಾಕು. ಭಾಷಣಕಲೆ ಬೇಕಿಲ್ಲ, ಹಣವೂ ಬೇಕಿಲ್ಲ. ದಿನವಿಡೀ ಒಂದೆಡೆ ಕುಳಿತು ಸಾಮಾಯಿಕ, ಸ್ವಾಧ್ಯಾಯಗಳ ಅಭ್ಯಾಸವಿರುವವರಿಗೆ ಇದೇನು ಕಷ್ಟ?

ಐದು, ದೇಣಿಗೆ. ಕೊಡುವುದಾದರೆ ಒಂದೇ ಪಕ್ಷಕ್ಕೆ, ಚೆಕ್ಕಿನ ಮೂಲಕ, ರಸೀದಿ ಪಡೆದು ಕೊಡಿರಿ. ಹೆಸರಿಲ್ಲದ ನಗದು ದೇಣಿಗೆಯ ಮಿತಿಯನ್ನು 2017ರಲ್ಲಿ 20,000 ರೂಪಾಯಿಯಿಂದ 2,000 ರೂಪಾಯಿಗೆ ಇಳಿಸಲಾಯಿತು. ದೊಡ್ಡ ಕೊಡುಗೆಗಳನ್ನು ಮರೆಮಾಡುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಯಾರಿಂದ ಯಾರಿಗೆ ಹಣ ಹೋಯಿತೆಂದು ತಿಳಿಯುವ ಹಕ್ಕು ಮತದಾರನಿಗಿದೆ ಎಂಬುದು ಆ ತೀರ್ಪಿನ ತಿರುಳು. ಎಲ್ಲ ಪಕ್ಷಗಳಿಗೂ ಗುಟ್ಟಾಗಿ ಕೊಡುವವನು ಯಾವ ಪಕ್ಷದ ಮೇಲೂ ಪ್ರೀತಿಯಿಂದ ಕೊಡುವುದಿಲ್ಲ. ಭಯದಿಂದ ಕೊಡುತ್ತಾನೆ ಅಥವಾ ಲೋಭದಿಂದ ಕೊಡುತ್ತಾನೆ. ಭಯ ಮತ್ತು ಲೋಭದಿಂದ ಕೊಟ್ಟದ್ದು ದಾನವಾಗುವುದು ಯಾವ ಶಾಸ್ತ್ರದಲ್ಲಿ? ಮತಕ್ಕಾಗಿ ಹಣ ಕೊಡುವುದೂ ಪಡೆಯುವುದೂ ಅಪರಾಧವೆಂದು ಕಾನೂನು ಹೇಳುತ್ತದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು ಅಚೌರ್ಯಾಣುವ್ರತದ ಅತಿಚಾರವೆಂದು ನಮ್ಮ ಆಚಾರ್ಯರು ಬಹಳ ಹಿಂದೆಯೇ ಹೇಳಿದ್ದಾರೆ.

ಆರು, ಅಭ್ಯರ್ಥಿಯಾಗುವುದು. ಗ್ರಾಮ ಪಂಚಾಯಿತಿಯಲ್ಲಿ ಸುಮಾರು ನಾಲ್ಕು ನೂರು ಜನಸಂಖ್ಯೆಗೆ ಒಬ್ಬ ಸದಸ್ಯನಿರುತ್ತಾನೆ. ಇಪ್ಪತ್ತೊಂದು ವರ್ಷ ತುಂಬಿದ ಮತದಾರರು ನಿಲ್ಲಬಹುದು. ಅಲ್ಲಿ ಪಕ್ಷದ ಚಿಹ್ನೆಯಿಲ್ಲ. ಆದರೂ ಪಕ್ಷಗಳು ಹಿಂದೆ ನಿಂತು ಆಡಿಸುತ್ತವೆ ಎಂಬುದು ಎಲ್ಲರೂ ಬಲ್ಲ ಸಂಗತಿ. 2010ರ ತಿದ್ದುಪಡಿಯಿಂದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ನಮ್ಮ ಮಹಿಳಾ ಸಮಾಜಗಳನ್ನು ನಡೆಸುವ ಶ್ರಾವಿಕೆಯರು ನೂರಾರು ಜನರ ಊಟೋಪಚಾರ, ಲೆಕ್ಕಪತ್ರ, ಸಭೆಯ ನಡಾವಳಿಗಳನ್ನು ಅಚ್ಚುಕಟ್ಟಾಗಿ ನಿಭಾಯಿಸುತ್ತಾರೆ. ಅವರಿಗೆ ಪಂಚಾಯಿತಿ ನಡೆಸುವ ಯೋಗ್ಯತೆ ಇಲ್ಲವೆನ್ನಲು ಯಾರಿಗೂ ಬಾಯಿಲ್ಲ. ಆದರೆ ಹೆಂಡತಿಯ ಹೆಸರಿನಲ್ಲಿ ನಾಮಪತ್ರ ಸಲ್ಲಿಸಿ ಗಂಡ ಕುರ್ಚಿಯಲ್ಲಿ ಕುಳಿತುಕೊಳ್ಳುವ ಅಪಹಾಸ್ಯ ನಮ್ಮ ಮನೆಗಳಿಂದ ನಡೆಯಬಾರದು.

ಟ್ರಸ್ಟುಗಳಿಗೆ ಒಂದು ಕಟುಮಾತು

ಇಷ್ಟು ಹೇಳಿದ ಮೇಲೆ ಮತ್ತೊಂದು ಬದಿಯನ್ನು ಇನ್ನೂ ಖಚಿತವಾಗಿ ಹೇಳಬೇಕಾಗಿದೆ. ಶ್ರಾವಕನು ಪಕ್ಷಕ್ಕೆ ಹೋಗಲಿ. ಪಕ್ಷವು ಬಸದಿಗೆ ಬರಬಾರದು. ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಮನೆಯ ಮಗನಿಗೆ ಪಕ್ಷದ ಸದಸ್ಯತ್ವ ಬೇಡವೆನ್ನುವ ಹಿರಿಯರೇ ಪಂಚಕಲ್ಯಾಣದ ವೇದಿಕೆಗೆ ಅಭ್ಯರ್ಥಿಯನ್ನು ಕರೆತಂದು ಹಾರ ಹಾಕಿ ಶಾಲು ಹೊದಿಸುತ್ತಾರೆ. ಪೂಜ್ಯ ಮುನಿಗಳ ಸನ್ನಿಧಿಯಲ್ಲಿ ಅವನ ಗುಣಗಾನ ನಡೆಯುತ್ತದೆ. ಹಿಂದಿನ ಕೋಣೆಯಲ್ಲಿ ಸಮುದಾಯ ಭವನದ ಅನುದಾನಕ್ಕೂ 'ಸಮಾಜದ ಮತ'ಕ್ಕೂ ಚೌಕಾಸಿಯಾಗುತ್ತದೆ.

1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯಿದೆಯ ಹೆಸರನ್ನು ನಮ್ಮ ಎಷ್ಟು ಟ್ರಸ್ಟಿಗಳು ಕೇಳಿದ್ದಾರೆ? ಧಾರ್ಮಿಕ ಸಂಸ್ಥೆಯ ಸ್ಥಳವನ್ನು ರಾಜಕೀಯ ಚಟುವಟಿಕೆಯ ಪ್ರಚಾರಕ್ಕೆ ಬಳಸುವಂತಿಲ್ಲ, ಸಂಸ್ಥೆಯ ಹಣವನ್ನಾಗಲಿ ಆಸ್ತಿಯನ್ನಾಗಲಿ ರಾಜಕೀಯ ಪಕ್ಷದ ಲಾಭಕ್ಕೆ ವಿನಿಯೋಗಿಸುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ತಪ್ಪಿದ ವ್ಯವಸ್ಥಾಪಕರಿಗೆ ಐದು ವರ್ಷದವರೆಗೆ ಸೆರೆವಾಸವನ್ನೂ ಹತ್ತು ಸಾವಿರ ರೂಪಾಯಿಯವರೆಗೆ ದಂಡವನ್ನೂ ವಿಧಿಸಬಹುದು. ಧರ್ಮ, ಜಾತಿ, ಸಮುದಾಯ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಮತ ಕೇಳುವುದಕ್ಕೂ ಈ ನಿಷೇಧ ಅನ್ವಯಿಸುತ್ತದೆಂದು ನಿರ್ಣಯಿಸಿತು. ಹೀಗಿರುವಾಗ "ನಮ್ಮವನಿಗೇ ಮತ ಹಾಕಿರಿ" ಎಂದು ಬಸದಿಯ ಧ್ವನಿವರ್ಧಕದಲ್ಲಿ ಕೇಳಿಬಂದರೆ ಅದು ಆ ಅಭ್ಯರ್ಥಿಗೂ ಕೇಡು, ಬಸದಿಗೂ ಕೇಡು.

ಕಾನೂನನ್ನು ಬದಿಗಿಟ್ಟು ಗಣಿತವನ್ನೇ ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4 ಲಕ್ಷ 40 ಸಾವಿರ. ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಗುಂಪುಮತದ ಬೆದರಿಕೆಯಿಂದ ನಾವು ಏನನ್ನು ಗೆಲ್ಲಬಲ್ಲೆವು? 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಮ್ಮನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಮೇಲೆ ಸೌಲಭ್ಯಗಳ ಬೇಡಿಕೆಯೇ ನಮ್ಮ ರಾಜಕೀಯವೆಂಬ ಭ್ರಮೆಯೂ ಬೆಳೆದಿದೆ. ಸೌಲಭ್ಯ ಕೇಳುವುದು ತಪ್ಪಲ್ಲ. ಆದರೆ ಊರಿನ ಕೆರೆ ಬತ್ತಿದಾಗ, ಸರ್ಕಾರಿ ಶಾಲೆಯ ಛಾವಣಿ ಸೋರಿದಾಗ, ಪಕ್ಕದ ಕೇರಿಗೆ ನೀರು ಬಾರದಿದ್ದಾಗ ಬಾಯಿ ಬಿಡದವರು ತಮ್ಮ ಸಮುದಾಯ ಭವನಕ್ಕಾಗಿ ಮಾತ್ರ ಬಾಯಿ ತೆರೆದರೆ ನೆರೆಯವರು ನಮ್ಮನ್ನು ಏನೆಂದು ತಿಳಿಯಬೇಕು? ಜೀವಿಗಳು ಪರಸ್ಪರರ ಉಪಕಾರದಿಂದ ಬಾಳುತ್ತವೆ ಎಂಬ ಸೂತ್ರವನ್ನು ಲಾಂಛನದಲ್ಲಿ ಬರೆಸಿಕೊಂಡವರು ನಾವು. ನೂರರಲ್ಲಿ ಒಬ್ಬನಿಗೂ ಕಡಿಮೆಯಿರುವವರು ಉಳಿದ ತೊಂಬತ್ತೊಂಬತ್ತು ಮಂದಿಯ ಕೆಲಸಕ್ಕೆ ಹೆಗಲು ಕೊಟ್ಟರೆ ಮಾತ್ರ ಅವರ ಮಾತಿಗೆ ತೂಕ ಬರುತ್ತದೆ.

ದೇವರ ಹೆಸರಿನಲ್ಲಿ ಪ್ರಜಾಸತ್ತೆಯನ್ನು ಮಾರುವ ಮತ್ತೊಂದು ಬಗೆಯನ್ನೂ ಇಲ್ಲಿ ಹೇಳಬೇಕು. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯ ಸಮಯದಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯಸ್ಥಾನಗಳನ್ನು ಹರಾಜು ಹಾಕಿ, ಬಂದ ಹಣವನ್ನು ಊರ ದೇವಾಲಯದ ಅಭಿವೃದ್ಧಿಗೆಂದು ಗೊತ್ತುಮಾಡಿದ ವರದಿಗಳು ಪತ್ರಿಕೆಗಳಲ್ಲಿ ಬಂದವು. ಊರಲ್ಲಿ ಜಗಳವಿಲ್ಲದೆ 'ಅವಿರೋಧ' ಆಯ್ಕೆಯಾಯಿತೆಂದು ಅದನ್ನು ಸಮರ್ಥಿಸಿದವರೂ ಇದ್ದರು. ಬಡವನ ಒಂದು ಮತವನ್ನು ಶ್ರೀಮಂತನ ಸವಾಲಿಗೆ ಮಾರಿ ಕಟ್ಟಿದ ಗೋಪುರದ ನೆರಳಿನಲ್ಲಿ ಯಾವ ಪುಣ್ಯ ತಂಗುತ್ತದೆ? ಇಂತಹ ಹಣ ಬಸದಿಯ ಹೆಸರಿಗೆ ಬಂದರೆ ಅದನ್ನು ಬೇಡವೆನ್ನುವ ಧೈರ್ಯ ನಮ್ಮ ಪ್ರತಿ ಟ್ರಸ್ಟಿನ ಅಧ್ಯಕ್ಷರಿಗೂ ಇರಬೇಕು. ಪಕ್ಷದ ಪದಾಧಿಕಾರಿಯಾದವರು ಆ ಅವಧಿಯಲ್ಲಿ ಟ್ರಸ್ಟಿನ ಅಧಿಕಾರಸ್ಥಾನದಿಂದ ಹೊರಗಿರಬೇಕೆಂಬ ಒಂದು ಸಾಲನ್ನು ನಮ್ಮ ಟ್ರಸ್ಟುಗಳು ತಮ್ಮ ನಿಯಮಾವಳಿಯಲ್ಲಿ ಸೇರಿಸಿಕೊಳ್ಳಲಿ. ಬಸದಿಯ ಗೌರವವೂ ಉಳಿಯುತ್ತದೆ, ಕಾರ್ಯಕರ್ತನ ಸ್ವಾತಂತ್ರ್ಯವೂ ಉಳಿಯುತ್ತದೆ.

ಕಾರ್ಯಕರ್ತನ ಕಟ್ಟಳೆ

ಪಕ್ಷಕ್ಕೆ ಹೋಗುವ ಶ್ರಾವಕನು ತನಗೆ ತಾನೇ ಕೆಲವು ಕಟ್ಟಳೆಗಳನ್ನು ಹಾಕಿಕೊಳ್ಳಬೇಕು. ಎದುರಾಳಿಯ ಬಗ್ಗೆ ತಾನು ತಿಳಿಯದ ದೋಷವನ್ನು ಹೇಳಬಾರದು. ಮೊಬೈಲಿಗೆ ಬಂದ ದ್ವೇಷದ ಸಂದೇಶವನ್ನು ಮುಂದಕ್ಕೆ ಕಳಿಸಬಾರದು, ಏಕೆಂದರೆ ಮುಂದಕ್ಕೆ ಕಳಿಸುವುದೇ ಅನುಮೋದನೆ. ಹಣ, ಹೆಂಡ, ಸೀರೆ ಹಂಚುವ ಗುಂಪಿನೊಡನೆ ಒಂದು ಹೆಜ್ಜೆಯನ್ನೂ ಇಡಬಾರದು. ತನ್ನ ಪಕ್ಷ ತಪ್ಪಿದಾಗ ಪಕ್ಷದ ಸಭೆಯೊಳಗೆ ಎದ್ದು ಹೇಳಬೇಕು. ಹೇಳಿಯೂ ಕೇಳದಿದ್ದರೆ ಕಾರಣ ಬರೆದು ಹೊರಬರಬೇಕು. ತನ್ನ ವ್ಯಾಪಾರಕ್ಕೆ ಸಂಬಂಧಿಸಿದ ಗುತ್ತಿಗೆ, ಪರವಾನಗಿಗಳ ವಿಷಯ ಬಂದಾಗ ದೂರ ಸರಿಯಬೇಕು. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಂಡವನಿಗೆ ಅಧಿಕಾರಕ್ಕೂ ಪರಿಮಾಣ ಹಾಕಿಕೊಳ್ಳುವುದು ಹೊಸ ಪಾಠವಲ್ಲ: ಇಷ್ಟು ವರ್ಷ, ಇಷ್ಟು ಹುದ್ದೆ, ಬಳಿಕ ಇನ್ನೊಬ್ಬರಿಗೆ ದಾರಿ ಎಂದು ಮೊದಲೇ ನಿಶ್ಚಯಿಸಿಕೊಳ್ಳಲಿ. ಇಂತಹ ಕಟ್ಟಳೆಯುಳ್ಳವನು ಎಲ್ಲ ಚುನಾವಣೆಗಳನ್ನೂ ಗೆಲ್ಲುತ್ತಾನೆಂದು ಯಾರೂ ಭರವಸೆ ಕೊಡಲಾರರು. ಹಲವು ಬಾರಿ ಸೋಲುತ್ತಾನೆ, ಕೆಲವು ಬಾರಿ ಅವಮಾನಕ್ಕೂ ಗುರಿಯಾಗುತ್ತಾನೆ. ಪರೀಷಹಗಳ ಕಥೆಯನ್ನು ಇಷ್ಟು ಭಕ್ತಿಯಿಂದ ಕೇಳುವ ಸಮಾಜಕ್ಕೆ ಅಷ್ಟು ಸಣ್ಣ ಕಷ್ಟವನ್ನು ಸಹಿಸಲಾಗದೇ?

ನಾವೆಲ್ಲ ದೂರ ನಿಂತುದರ ಫಲ ಏನಾಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ನಮ್ಮ ರಾಜ್ಯದ ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನ ಹೇಳಿದ್ದರೂ, ಅದರ ಮುಂದಿನ ನಾಲ್ಕು ವರ್ಷಗಳಲ್ಲಿಯೂ ಅದು ನಡೆಯಲಿಲ್ಲ; ಸರ್ಕಾರ ನಡೆಸುವ ಪಕ್ಷ ಬದಲಾದರೂ ಸ್ಥಿತಿ ಬದಲಾಗಲಿಲ್ಲ. ಬೆಂಗಳೂರಿನ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ತೀರಿತು. ಮತ್ತೆ ಚುನಾವಣೆಯನ್ನೇ ಕಾಣದೆ 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳು ರಚಿತವಾದವು. ಇಷ್ಟು ವರ್ಷ ಜನರ ಪ್ರತಿನಿಧಿಗಳಿಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಯಾವ ಊರಿನಲ್ಲಿ ಜನ ಬೀದಿಗೆ ಇಳಿದರು? ಪಕ್ಷಗಳ ಸ್ಥಳೀಯ ಘಟಕಗಳಲ್ಲಿ ನಿಸ್ವಾರ್ಥಿಗಳಾದ ಗೃಹಸ್ಥರು ತುಂಬಿದ್ದರೆ, "ನಮ್ಮ ಚುನಾವಣೆ ಎಲ್ಲಿ?" ಎಂಬ ಪ್ರಶ್ನೆ ಪಕ್ಷದೊಳಗಿನಿಂದಲೇ ಏಳುತ್ತಿತ್ತು. ಶಾಸಕರ ಹಿಂದೆ ತಿರುಗುವವರಷ್ಟೇ ಘಟಕಗಳಲ್ಲಿ ಉಳಿದಾಗ ಆ ಪ್ರಶ್ನೆಯನ್ನು ಕೇಳುವ ನಾಲಗೆ ಎಲ್ಲಿಂದ ಬರಬೇಕು?

ಸಮಾಜಬಾಂಧವರು ಮುಂದಿನ ಸಂಚಿಕೆ ಕೈಸೇರುವುದರೊಳಗೆ ಮೂರು ಕೆಲಸ ಮಾಡಲಿ. ಮನೆಯ ಎಲ್ಲರ ಹೆಸರನ್ನು ಮತದಾರರ ಪಟ್ಟಿಯಲ್ಲಿ ಹುಡುಕಿ ಸರಿಪಡಿಸಿಕೊಳ್ಳಲಿ. ತಮ್ಮ ಗ್ರಾಮ ಪಂಚಾಯಿತಿಯ ಅಥವಾ ನಗರಸಭೆಯ ಮುಂದಿನ ಸಭೆಯ ದಿನಾಂಕವನ್ನು ವಿಚಾರಿಸಿ ಒಮ್ಮೆಯಾದರೂ ಹೋಗಿ ಕುಳಿತುಕೊಳ್ಳಲಿ. ಮನಸ್ಸಿಗೆ ಒಪ್ಪುವ ಪಕ್ಷದ ನಿಯಮಾವಳಿಯನ್ನು ತರಿಸಿ ಮನೆಮಂದಿಯೆಲ್ಲ ಕೂಡಿ ಓದಲಿ. ಅದು ಒಪ್ಪಿಗೆಯಾದರೆ, ಬಾಗಿಲ ಮರೆಯಲ್ಲಿ ಹಣ ಕೊಡುವುದನ್ನು ನಿಲ್ಲಿಸಿ, ಹಗಲಿನಲ್ಲಿ ಹೆಸರು ಬರೆಸಲಿ. ತಂದೆ ಒಂದು ಪಕ್ಷದಲ್ಲೂ ಮಗಳು ಇನ್ನೊಂದು ಪಕ್ಷದಲ್ಲೂ ಇದ್ದು ಒಂದೇ ಪಂಕ್ತಿಯಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟಕ್ಕೆ ಕುಳಿತರೆ, ಅನೇಕಾಂತದ ಬಗ್ಗೆ ನಾವು ಮಾಡುವ ಭಾಷಣಗಳಿಗೆ ಮೊದಲ ಬಾರಿಗೆ ಒಂದು ಪುರಾವೆ ದೊರೆತಂತಾಗುತ್ತದೆ.